ಹುಣಸೆ ಬೀಜದಂಥ ಎರಡು ಹುಳ

ಮಧ್ಯಾಹ್ನದ ಮೀಟಿಂಗ್ ನಡೆಯುತ್ತಿದ್ದಾಗ ಅಣ್ಣನ ವಾಟ್ಸಾಪ್ ವಿಡಿಯೋ ಬಂತು. ಹೊಲದ ಬಾವಿ ಪಕ್ಕದ ದನ ಕುಡಿಯುವ ತೊಟ್ಟಿ. ನೀರಿನಲ್ಲಿ ಕಪ್ಪಗೆ, ಹೊಳೆಯುವ ಹುಳಗಳು ಮೇಲೆ ಬರುತ್ತಿವೆ, ಕೆಳಗೆ ಹೋಗುತ್ತಿವೆ. ಹುಣಸೆ ಬೀಜಕ್ಕೆ ಕಾಲು ಬಂದ ಹಾಗೆ. ಕೆಳಗೆ ಅಣ್ಣ ಬರೆದಿದ್ದ: "ನೀರಾಗ ಹುಳ ಬಿದ್ದಾವ. ಹುಡುಗಗ ಕಡದಾವ. ಎಣ್ಣಿ ಹಾಕಿಬಿಡ್ತೀನಿ."

ನಮ್ಮ ಕಡೆ ಎಣ್ಣಿ ಅಂದರೆ ಅಡುಗೆ ಎಣ್ಣೆ ಮಾತ್ರ ಅಲ್ಲ. ತೊಗರಿಗೆ, ಸೋಯಾಕ್ಕೆ ಹೊಡೆಯುವ ಕೀಟನಾಶಕಕ್ಕೂ ಎಣ್ಣಿ ಅಂತಲೇ ಹೆಸರು.

ನನಗೆ ಮೀಟಿಂಗ್‌ನಲ್ಲಿ ಏನು ಮಾತಾಡಿದರು ಅನ್ನೋದು ಆಮೇಲೆ ತಲೆಗೆ ಹೋಗಲಿಲ್ಲ. ಆ ತೊಟ್ಟಿಯ ನೀರು ನಮ್ಮ ಎರಡು ಎಮ್ಮೆ, ಒಂದು ಜೋಡಿ ಎತ್ತು ಕುಡಿಯುತ್ತವೆ. ತೊಟ್ಟಿ ತುಂಬಿ ಹೊರಗೆ ಹರಿದ ನೀರು ನೇರ ಹಳ್ಳಕ್ಕೆ ಹೋಗುತ್ತದೆ. ನಳದ ನೀರು ಬಾರದ ದಿನ ಮನೆಗೂ ಅದೇ ಬಾವಿಯ ಕೊಡ. ಅಣ್ಣ ಬಾವಿಗೇ ಹಾಕುತ್ತಾನೋ, ತೊಟ್ಟಿಗೆ ಹಾಕುತ್ತಾನೋ ಗೊತ್ತಾಗಲಿಲ್ಲ. ಹೊರಗೆ ಬಂದು ಫೋನ್ ಮಾಡಿದೆ. "ಅಣ್ಣಾ, ನಾ ಶನಿವಾರ ಬರ್ತೀನಿ. ಅಲ್ಲಿತನ ಏನೂ ಹಾಕಬ್ಯಾಡ. ದನಕ್ಕ ಬೇರೆ ಬಕೀಟ್‌ನಾಗ ನೀರಿಡು." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀ ಬಂದು ಏನ್ ಮಾಡ್ತಿ? ಕಂಪ್ಯೂಟರ್‌ನಾಗ ಹುಳ ಹಿಡಿಯೋಕಿ ನೀ" ಅಂದ. ನಾನು ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುತ್ತೇನೆ. ಅವನ ಮಾತಿನಲ್ಲಿ ತಪ್ಪಿರಲಿಲ್ಲ.

ಶನಿವಾರ ಬೆಳಗಿನ ಬಸ್ ಹತ್ತಿ, ಜಹೀರಾಬಾದ್ ದಾಟಿ ಊರಿಗೆ ಬಂದೆ. ನಮ್ಮೂರು ಬೀದರ್ ತಾಲ್ಲೂಕಿನ ಮನ್ನಳ್ಳಿ.

ಕಡಿದದ್ದು ಯಾವುದು?

ಅಣ್ಣನ ಮಗ ಒಂಬತ್ತು ವರ್ಷದವ. ಬಾಗಿಲಲ್ಲೇ ಬೆರಳು ತೋರಿಸಿದ. ತೋರುಬೆರಳಿನ ತುದಿಯಲ್ಲಿ ಎರಡು ಸಣ್ಣ ಚುಕ್ಕೆ, ಸುತ್ತ ಸ್ವಲ್ಪ ಕೆಂಪು. ವೈನಿ ಅರಿಶಿನ ಹಚ್ಚಿದ್ದರು. ಬಾವು ಇಳಿದಿತ್ತು. ಆದರೆ ಊರಿನಲ್ಲಿ ಸುದ್ದಿ ಇಳಿದಿರಲಿಲ್ಲ. ಅಂಗಡಿ ಕಟ್ಟೆಯ ಮೇಲೆ ಒಬ್ಬರು ವಿಷದ ಹುಳ ಅಂದರಂತೆ, ಇನ್ನೊಬ್ಬರು ದನ ನುಂಗಿದರೆ ಹೊಟ್ಟೆ ಉಬ್ಬುತ್ತದೆ ಅಂದರಂತೆ. "ಒಂದು ಮುಚ್ಚಳ ಹಾಕು, ಎಲ್ಲ ಖಲಾಸ್" ಅಂತ ಸಲಹೆ ಕೊಟ್ಟವರೂ ಇದ್ದರು. ಎಣ್ಣಿ ಡಬ್ಬಿ ಆಗಲೇ ಪಂಪ್‌ಸೆಟ್ ಕೋಣೆಯ ಗೂಟಕ್ಕೆ ನೇತಾಡುತ್ತಿತ್ತು.

"ಎಲ್ಲಿ ಕಡೀತು ತೋರಸು" ಅಂದೆ. ಅವನು ತೊಟ್ಟಿ ದಾಟಿ ನನ್ನನ್ನು ಹಳ್ಳಕ್ಕೆ ಕರೆದುಕೊಂಡು ಹೋದ!

ಅಂದರೆ ಹುಡುಗನಿಗೆ ಕಡಿದದ್ದು ತೊಟ್ಟಿಯಲ್ಲಿ ಅಲ್ಲ. ಹಳ್ಳದ ಅಂಚಿನ ಕೆಸರಿನಲ್ಲಿ ಮೀನುಮರಿ ಹಿಡಿಯಲು ಕೈ ಹಾಕಿದಾಗ. ಕಡಿದ ಹುಳ ಕರ್ರಗೆ ದುಂಡಗೆ ಇರಲಿಲ್ಲವಂತೆ. ಉದ್ದಕ್ಕೆ, ಕಂದು ಬಣ್ಣಕ್ಕೆ, "ಇಕ್ಕಳದಂಗ ಬಾಯಿ" ಇತ್ತಂತೆ. ಮನೆಯಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಹುಳ ಕಡಿದಿದೆ, ತೊಟ್ಟಿಯಲ್ಲಿ ಹುಳ ಇದೆ. ಎರಡನ್ನೂ ಸೇರಿಸಿ ತೀರ್ಪು ಆಗಿಬಿಟ್ಟಿತ್ತು.

ನನ್ನ ಕೆಲಸದಲ್ಲಿ ಇದು ದಿನಾ ನಡೆಯುವುದೇ. ದೋಷ ಎಲ್ಲಿದೆ ನೋಡದೆ ಕಣ್ಣಿಗೆ ಬಿದ್ದದ್ದನ್ನು ತೆಗೆದು ಹಾಕುವುದು. ಹಾಗಾಗಿ ಮೊದಲು ತೊಟ್ಟಿಯ ಹುಳವನ್ನೇ ಸರಿಯಾಗಿ ನೋಡೋಣ ಅಂತ ಕೂತೆವು, ಅತ್ತೆ ಮತ್ತು ಅಳಿಯ.

ಭರಣಿಯಲ್ಲಿ ಎರಡು ಹುಳ

ಚಹಾ ಸೋಸುವ ಜಾಲರಿಯಲ್ಲಿ ನಾಲ್ಕೈದು ಹುಳ ಎತ್ತಿ, ಉಪ್ಪಿನಕಾಯಿಯ ಖಾಲಿ ಗಾಜಿನ ಭರಣಿಗೆ ಬಿಟ್ಟೆವು. ಅದೇ ತೊಟ್ಟಿಯ ನೀರು, ಒಂದೆಳೆ ಪಾಚಿ, ಒಂದು ಕಡ್ಡಿ. ಬಾಯಿಗೆ ವೈನಿಯ ಹಳೇ ಓಢಣಿಯ ತುಂಡು ಕಟ್ಟಿದೆವು, ಯಾಕೆಂದರೆ ಈ ಹುಳಗಳಿಗೆ ರೆಕ್ಕೆ ಇದೆ. ಹಾರಿಬಿಡುತ್ತವೆ.

ಮೊದಲ ಹತ್ತು ನಿಮಿಷ ಎಲ್ಲವೂ ಒಂದೇ ಥರ ಕಂಡವು. ಕಪ್ಪು, ನುಣುಪು, ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಕಡಿಮೆ. ನಾನು ಫೋನಿನಲ್ಲಿ ಜೂಮ್ ಮಾಡುತ್ತಿದ್ದಾಗ ಹುಡುಗ ಬರಿಗಣ್ಣಿನಲ್ಲೇ ಹಿಡಿದ:

"ಅತ್ತೀ, ನೋಡು! ಇದು ಹಿಂದಿನ ಎರಡೂ ಕಾಲು ಒಮ್ಮಿಗೇ ಹೊಡೀತದ, ದೋಣಿ ಹುಟ್ಟಿನಂಗ. ಅದು ಒಂದಾದ ಮ್ಯಾಲ ಒಂದು ಹಾಕ್ತದ, ನಡದಂಗ!"

ನಿಜ. ಒಂದು ಜಾತಿ ಹಿಂಗಾಲುಗಳನ್ನು ಜೋಡಿಯಾಗಿ ಬೀಸಿ ಬಾಣದ ಹಾಗೆ ನುಗ್ಗುತ್ತಿತ್ತು. ಇನ್ನೊಂದು ನೀರಿನೊಳಗೆ ಕಾಲು ಬದಲಿಸುತ್ತಾ ತಡಬಡಾಯಿಸುತ್ತಿತ್ತು, ಅವಸರದಲ್ಲಿ ಮೆಟ್ಟಿಲು ಹತ್ತುವವರ ಹಾಗೆ. ಅವನೇ ಹೆಸರಿಟ್ಟ. ಮೊದಲನೆಯದು ಈಸುಹುಳ, ಎರಡನೆಯದು ನಡಿಗೆಹುಳ. ನಮ್ಮಲ್ಲಿ ಈಜುವುದಕ್ಕೆ ಈಸು ಅಂತಾರಲ್ಲ. ನಾನೂ ಇಲ್ಲಿ ಅದೇ ಹೆಸರು ಬಳಸುತ್ತೇನೆ.

ಫೋಟೋಗಳನ್ನು ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿದೆ. ಈಸುಹುಳದ ಬೆನ್ನಿನ ಎರಡೂ ಅಂಚಿಗೆ ತೆಳುವಾದ ಹಳದಿ ಪಟ್ಟಿ ಇತ್ತು. ಅದಕ್ಕೆ ಹೈಡಾಟಿಕಸ್ ವಿಟ್ಟಾಟಸ್ ಎಂಬ ಉತ್ತರ ಬಂತು. ವಿಟ್ಟಾಟಸ್ ಅಂದರೆ ಪಟ್ಟಿ ಇರುವುದು. ಅಪ್ಪಟ ಕಪ್ಪಿನ ನಡಿಗೆಹುಳಕ್ಕೆ ಸ್ಟೆರ್ನೊಲೋಫಸ್ ರುಫಿಪೆಸ್, ಅಂದರೆ ಕೆಂಪು ಕಾಲಿನದು. ಎರಡಕ್ಕೂ ಹೆಸರಿಟ್ಟವರು ಒಬ್ಬರೇ, ಡೆನ್ಮಾರ್ಕಿನ ಫೆಬ್ರಿಸಿಯಸ್. ಒಂದಕ್ಕೆ 1775ರಲ್ಲಿ, ಇನ್ನೊಂದಕ್ಕೆ 1792ರಲ್ಲಿ. ಎರಡೂ ಭಾರತದ ಕೆರೆ, ಹಳ್ಳ, ಗದ್ದೆಗಳಲ್ಲಿ ಸಾಮಾನ್ಯ. ಫೋಟೋ ಒಂದನ್ನೇ ನೋಡಿ ಇಂಥದೇ ಜಾತಿ ಅಂತ ಆಣೆ ಮಾಡಲು ಬರುವುದಿಲ್ಲ, ತದ್ರೂಪಿನ ನೆಂಟರಿದ್ದಾರೆ. ಆದರೆ ಯಾವ ಮನೆತನ ಅನ್ನುವುದಕ್ಕೆ ಅನುಮಾನ ಇಲ್ಲ. ಮನೆತನ ಗೊತ್ತಾದರೆ ನಮ್ಮ ಕೆಲಸಕ್ಕೆ ಸಾಕಿತ್ತು.

ಒಂದೇ ಅಂಗಿ, ಬೇರೆ ಮನೆತನ

ಈಸುಹುಳದ ಮನೆತನಕ್ಕೆ ಡೈಟಿಸಿಡೇ ಅಂತ ಹೆಸರು. ಜಗತ್ತಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ನೆಲದ ಮೇಲೆ ಓಡಿ ಬೇಟೆಯಾಡುವ ಜೀರುಂಡೆಗಳು ಇದರ ಹತ್ತಿರದ ಬಳಗ. ನಡಿಗೆಹುಳದ ಮನೆತನ ಹೈಡ್ರೊಫಿಲಿಡೇ. ಅದರ ಬಳಗ ಬೇರೆ, ಸಗಣಿ ಉರುಳಿಸುವ ಹುಳ, ಗುಲಗಂಜಿ ಹುಳ ಇರುವ ದೊಡ್ಡ ಕವಲು. ಈ ಎರಡು ಕವಲುಗಳು ಬೇರೆಯಾಗಿ ಇಪ್ಪತ್ತು ಕೋಟಿ ವರ್ಷಗಳಿಗೂ ಹೆಚ್ಚಾಯಿತು.

ಅಂದರೆ ಇವು ಅಣ್ಣತಮ್ಮಂದಿರಲ್ಲ. ಎರಡೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದಾರಿಯಲ್ಲಿ ನೆಲದಿಂದ ನೀರಿಗೆ ಇಳಿದವು. ನೀರಿನಲ್ಲಿ ಸರಾಗವಾಗಿ ಹೋಗಬೇಕಾದರೆ ಮೈ ನುಣುಪಾಗಿ, ಅಂಡಾಕಾರವಾಗಿ ಇರಬೇಕು. ಹಾಗಾಗಿ ಕೊನೆಗೆ ಎರಡೂ ಒಂದೇ ಆಕಾರಕ್ಕೆ ಬಂದವು. ಒಂದೇ ಕಂಪನಿಯ ಟೀ ಶರ್ಟ್ ಹಾಕಿದ ಮಾತ್ರಕ್ಕೆ ಇಬ್ಬರು ನೆಂಟರಾಗುವುದಿಲ್ಲವಲ್ಲ, ಹಾಗೆ.

ವ್ಯತ್ಯಾಸ ಗುರುತಿಸಲು ನಾವು ಭರಣಿಯಲ್ಲಿ ಕಂಡುಕೊಂಡ ಗುರುತುಗಳು ಇವು:

ಕಾಲು: ಈಸುಹುಳ ಹಿಂಗಾಲು ಜೋಡಿಯಾಗಿ ಬೀಸುತ್ತದೆ. ನಡಿಗೆಹುಳ ಒಂದಾದ ಮೇಲೊಂದು.

ಮೀಸೆ: ಈಸುಹುಳದ ಮೀಸೆ ದಾರದ ಹಾಗೆ ಉದ್ದ, ಎದ್ದು ಕಾಣುತ್ತದೆ. ನಡಿಗೆಹುಳದ ಮೀಸೆ ಗಿಡ್ಡ, ತುದಿ ಗದೆಯ ಹಾಗೆ ದಪ್ಪ, ಹೆಚ್ಚಾಗಿ ತಲೆಯ ಕೆಳಗೆ ಮಡಚಿಟ್ಟಿರುತ್ತದೆ. ಮೀಸೆಯಂತೆ ಮುಂದೆ ಚಾಚಿ ಕಾಣುವುದು ಅದರ ಬಾಯಿಯ ಪಕ್ಕದ ತಡವು ಅಂಗ.

ಹೊಟ್ಟೆ: ನಡಿಗೆಹುಳವನ್ನು ಮಗುಚಿದರೆ ಎದೆಯ ನಡುವೆ ದೋಣಿಯ ತಳದಂಥ ಒಂದು ಏಣು, ಅದರ ತುದಿಗೆ ಹಿಂದಕ್ಕೆ ಚಾಚಿದ ಮುಳ್ಳು. ಬಿಗಿಯಾಗಿ ಮುಷ್ಟಿ ಹಿಡಿದರೆ ಚುಚ್ಚಿದಂತಾಗಬಹುದು. ಅದು ಕಡಿತ ಅಲ್ಲ, ವಿಷವೂ ಇಲ್ಲ. ಈಸುಹುಳಕ್ಕೆ ಈ ಮುಳ್ಳು ಇಲ್ಲ.

ಗಂಡು ಈಸುಹುಳದ ಮುಂಗಾಲಿನಲ್ಲಿ ಇನ್ನೊಂದು ಚೋದ್ಯ ಇದೆ. ಪುಟ್ಟ ಪುಟ್ಟ ಹೀರುಬಟ್ಟಲುಗಳು. ನುಣುಪು ಬೆನ್ನಿನ ಹೆಣ್ಣನ್ನು ನೀರಿನಲ್ಲಿ ಜಾರದಂತೆ ಹಿಡಿಯಲಿಕ್ಕೆ. ಇದನ್ನು ಹುಡುಗನಿಗೆ ಹೇಗೆ ಹೇಳೋದು ಗೊತ್ತಾಗದೆ, "ಜಾರಬಾರದು ಅಂತ" ಎಂದಷ್ಟೇ ಹೇಳಿ ಮುಗಿಸಿದೆ.

ಉಸಿರಿನ ಬುತ್ತಿ

ನನಗೆ ಹೆಚ್ಚು ಹಿಡಿಸಿದ್ದು ಅವು ಉಸಿರಾಡುವ ರೀತಿ. ಎರಡಕ್ಕೂ ಮೀನಿನ ಹಾಗೆ ಕಿವಿರು ಇಲ್ಲ. ನಮ್ಮ ಹಾಗೆ ಗಾಳಿಯೇ ಬೇಕು. ನೀರಿನೊಳಗೆ ಹೋಗುವಾಗ ಬುತ್ತಿ ಕಟ್ಟಿಕೊಂಡು ಹೋಗುತ್ತವೆ.

ಈಸುಹುಳ ಮೇಲೆ ಬರುವಾಗ ತಲೆ ಕೆಳಗೆ, ಬಾಲ ಮೇಲೆ. ಬಾಲದ ತುದಿಯನ್ನು ನೀರಿನ ಮೇಲ್ಪದರಕ್ಕೆ ತಾಗಿಸಿ, ಗಟ್ಟಿ ರೆಕ್ಕೆಯ ಕೆಳಗಿನ ಜಾಗಕ್ಕೆ ಗಾಳಿ ತುಂಬಿಕೊಳ್ಳುತ್ತದೆ. ಕೆಳಗೆ ಹೋಗುವಾಗ ಕೆಲವು ಸಲ ಬಾಲದ ತುದಿಗೆ ಒಂದು ಮುತ್ತಿನಂಥ ಗುಳ್ಳೆ ಅಂಟಿಕೊಂಡಿರುತ್ತದೆ.

ನಡಿಗೆಹುಳದ್ದು ಉಲ್ಟಾ. ತಲೆ ಮೊದಲು. ತುಸು ಓರೆಯಾಗಿ ಮೇಲೆ ಬಂದು ಗಿಡ್ಡ ಮೀಸೆಯಿಂದ ನೀರಿನ ಪದರ ಸೀಳುತ್ತದೆ. ಅಲ್ಲಿಂದ ಗಾಳಿ ಹೊಟ್ಟೆಯ ಕಡೆಗೆ ಇಳಿಯುತ್ತದೆ. ಅದರ ಹೊಟ್ಟೆಯ ಮೇಲೆ ನೀರು ಹತ್ತದಂಥ ಸಣ್ಣ ಕೂದಲಿದೆ, ಗಾಳಿ ಅದರಲ್ಲಿ ಪದರವಾಗಿ ನಿಲ್ಲುತ್ತದೆ. ಕೆಳಗಿನಿಂದ ನೋಡಿದರೆ ಹೊಟ್ಟೆಗೆ ಬೆಳ್ಳಿ ತಗಡು ಹಚ್ಚಿದಂತೆ ಹೊಳೆಯುತ್ತದೆ. ಬೆಳ್ಳಿ ತಂತಿ ಕೂರಿಸುವ ಬಿದ್ರಿ ಕೆಲಸದ ಜಿಲ್ಲೆಯವರಾದ ನಮಗೆ ಕಪ್ಪಿನ ಮೇಲಿನ ಬೆಳ್ಳಿ ಹೊಸದಲ್ಲ. ಆದರೂ ಭರಣಿಯನ್ನು ಮೇಲೆತ್ತಿ ಕೆಳಗಿನಿಂದ ನೋಡಿದಾಗ ನಾವಿಬ್ಬರೂ ಬಾಯಿ ಬಿಟ್ಟೆವು.

ಈ ಬುತ್ತಿ ಬರೀ ಬುತ್ತಿಯೂ ಅಲ್ಲ. ಹುಳ ಗುಳ್ಳೆಯ ಆಮ್ಲಜನಕ ಬಳಸಿದಂತೆ, ಸುತ್ತಲಿನ ನೀರಿನಲ್ಲಿ ಕರಗಿರುವ ಆಮ್ಲಜನಕ ಗುಳ್ಳೆಯೊಳಗೆ ಬರುತ್ತದೆ. ಉಣ್ಣುತ್ತಿರುವಾಗಲೇ ಯಾರೋ ಡಬ್ಬಿಗೆ ಮತ್ತೆ ಬಡಿಸಿದಂತೆ. ಆದರೆ ಗುಳ್ಳೆಯ ಸಾರಜನಕ ನಿಧಾನವಾಗಿ ನೀರಿಗೆ ಸೋರಿ ಗುಳ್ಳೆ ಕುಗ್ಗುತ್ತದೆ. ಆಗ ಹುಳ ಮತ್ತೆ ಮೇಲೆ ಬರಲೇಬೇಕು. ಅಣ್ಣನ ವಿಡಿಯೋದಲ್ಲಿ ಹುಳಗಳು ಮೇಲೆ ಕೆಳಗೆ ಮಾಡುತ್ತಿದ್ದುದು ಇದೇ. ಅವು ದಾಳಿ ಮಾಡುತ್ತಿರಲಿಲ್ಲ, ಉಸಿರು ತೆಗೆದುಕೊಳ್ಳುತ್ತಿದ್ದವು.

ಹಾಗಾದರೆ ಇಕ್ಕಳದ ಬಾಯಿ?

ಭಾನುವಾರ ಬೆಳಿಗ್ಗೆ ಹಳ್ಳದ ಅಂಚಿನಲ್ಲಿ ಜಾಲರಿ ಎಳೆದಾಗ ಆರೋಪಿ ಸಿಕ್ಕ. ಬೆರಳಿನ ಎರಡು ಗೆಣ್ಣಿನಷ್ಟು ಉದ್ದ, ನಡು ದಪ್ಪ, ಬಾಲದ ಕಡೆ ಸಣ್ಣ, ತಲೆಯ ಮುಂದೆ ಕುಡುಗೋಲಿನಂಥ ಎರಡು ದವಡೆ. "ಇದೇ! ಇದೇ!" ಅಂತ ಹುಡುಗ ಹಿಂದೆ ಸರಿದ.

ಅದು ಈಸುಹುಳದ ಮನೆತನದ ಮರಿ. ಚಿಟ್ಟೆಗೆ ಕಂಬಳಿಹುಳ ಹೇಗೋ ಹಾಗೆ ಇದು. ಇಂಗ್ಲಿಷಿನಲ್ಲಿ ಇದಕ್ಕೆ ವಾಟರ್ ಟೈಗರ್ ಅನ್ನುತ್ತಾರೆ, ನೀರಿನ ಹುಲಿ. ಹೆಸರಿಗೆ ತಕ್ಕ ಹಾಗೆ ಬೇಟೆ. ಸೊಳ್ಳೆ ಮರಿ, ಇತರ ಹುಳ, ಗೊದ್ದಮೊಟ್ಟೆ, ಚಿಕ್ಕ ಮೀನು ಯಾವುದನ್ನೂ ಬಿಡುವುದಿಲ್ಲ. ದವಡೆಯ ಒಳಗೆ ಸಣ್ಣ ಕೊಳವೆ ಇರುತ್ತದೆ. ಅದರಿಂದ ಬೇಟೆಯ ಮೈಯೊಳಗೆ ಜೀರ್ಣರಸ ಬಿಟ್ಟು, ಕರಗಿದ್ದನ್ನು ಹೀರುತ್ತದೆ. ನಮ್ಮ ಬೆರಳು ಅದಕ್ಕೆ ಊಟ ಅಲ್ಲ. ಕೆಸರಿನಲ್ಲಿ ಕೈ ಒತ್ತಿದಾಗ ಹೆದರಿ ಕಚ್ಚುತ್ತದೆ. ಚುರ್ ಅನ್ನುತ್ತದೆ, ಸೋಪು ಹಚ್ಚಿ ತೊಳೆದರೆ ಸಾಮಾನ್ಯವಾಗಿ ಅಷ್ಟಕ್ಕೇ ಮುಗಿಯುತ್ತದೆ. ಬಾವು ಏರಿದರೆ ಮಾತ್ರ ಡಾಕ್ಟರರಿಗೆ ತೋರಿಸಬೇಕು, ಯಾವ ಹುಳ ಕಡಿದರೂ ಹಾಗೆಯೇ.

ನಡಿಗೆಹುಳದ ಮರಿಯೂ ಬೇಟೆಗಾರನೇ. ಆದರೆ ಬೆಳೆದು ರೆಕ್ಕೆ ಬಂದ ಮೇಲೆ ಸ್ವಭಾವ ಬದಲು. ಕೊಳೆತ ಎಲೆ, ಪಾಚಿ, ಸತ್ತ ಹುಳ, ಇಂಥದ್ದನ್ನೇ ಹೆಚ್ಚು ತಿನ್ನುತ್ತದೆ. ಈಸುಹುಳ ಮಾತ್ರ ಬೆಳೆದ ಮೇಲೂ ಬೇಟೆ ಬಿಡುವುದಿಲ್ಲ. ಸತ್ತದ್ದು ಸಿಕ್ಕರೂ ಬೇಡ ಅನ್ನುವುದಿಲ್ಲ.

ಮೊಟ್ಟೆಯಲ್ಲೂ ವ್ಯತ್ಯಾಸ ಇದೆ. ನಡಿಗೆಹುಳದ ಮನೆತನದ ಹೆಣ್ಣುಗಳು ರೇಷ್ಮೆಯಂಥ ನೂಲು ತೆಗೆದು ಮೊಟ್ಟೆಗೆ ಚೀಲ ನೇಯುತ್ತವೆ. ಈಸುಹುಳಗಳಿಗೆ ಆ ನೇಯ್ಗೆ ಬಾರದು. ನೀರುಗಿಡದ ಮೇಲೋ ದಂಟಿನ ಒಳಗೋ ಮೊಟ್ಟೆ ಇಡುತ್ತವೆ.

ಒಂದು ವಿಷಯದಲ್ಲಿ ಮಾತ್ರ ಎರಡೂ ಒಂದೇ. ಮರಿ ಬಲಿತಾಗ ನೀರು ಬಿಟ್ಟು ದಂಡೆಗೆ ಹತ್ತುತ್ತದೆ. ಹಸಿ ಮಣ್ಣಿನಲ್ಲಿ ಸಣ್ಣ ಗೂಡು ಕೊರೆದು ಒಳಗೆ ಕೂತು, ರೆಕ್ಕೆಯ ಹುಳವಾಗಿ ಹೊರಬರುತ್ತದೆ. ಅಂದರೆ ಇವುಗಳಿಗೆ ನೀರು ಇದ್ದರಷ್ಟೇ ಸಾಲದು, ಮಣ್ಣಿನ ದಂಡೆಯೂ ಬೇಕು. ಹಳ್ಳದ ಎರಡೂ ಬದಿಗೆ ಕಾಂಕ್ರೀಟ್ ಗೋಡೆ ಎಬ್ಬಿಸಿದರೆ ನೀರು ಇದ್ದೂ ಇವುಗಳ ಮನೆ ಹೋಗುತ್ತದೆ.

ಬಲ್ಬಿನ ಕಥೆ

ಇಷ್ಟೆಲ್ಲ ಆದರೂ ಅಣ್ಣನ ಪ್ರಶ್ನೆ ಹಾಗೇ ಇತ್ತು. "ಎಲ್ಲಾ ಖರೆ. ಮೊದಲು ಇರಲಾರದ್ದು ಈಗ್ಯಾಕ ಬಂದಾವ?"

ಅಪ್ಪ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದರು. "ಮೊದಲೂ ಇದ್ದವು. ಹಳ್ಳದಾಗ ನಾವು ಈಸು ಬೀಳುವಾಗ ಮೈಗೆ ಬಡೀತಿದ್ದವು. ತೊಟ್ಟ್ಯಾಗ ಇಷ್ಟು ಇರಲಿಲ್ಲ, ಅದು ಖರೆ" ಅಂದರು.

ಆ ರಾತ್ರಿ ಉತ್ತರ ತಾನಾಗೇ ಸಿಕ್ಕಿತು. ಊಟ ಮುಗಿಸಿ ಬಾವಿಯ ಕಡೆ ಹೋದರೆ ಪಂಪ್‌ಸೆಟ್ ಕೋಣೆಯ ಮೇಲೆ ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ ಬಲ್ಬು. ಕಳ್ಳರು ಕೇಬಲ್ ಕದಿಯುತ್ತಾರೆ ಅಂತ ಅಣ್ಣ ಜುಲೈನಲ್ಲಿ ಹಾಕಿಸಿದ್ದ. ರಾತ್ರಿ ಇಡೀ ಉರಿಯುತ್ತದೆ. ಅದರ ಸುತ್ತ ಹುಳಗಳ ಸಂತೆ. ನಾವು ನಿಂತಿದ್ದಾಗಲೇ ಟಪ್ ಟಪ್ ಅಂತ ಗೋಡೆಗೆ ಬಡಿದು ಎರಡು ಮೂರು ಕರಿ ಹುಳ ತೊಟ್ಟಿಗೆ ಬಿದ್ದವು.

ನೀರಿನ ಜೀರುಂಡೆಗಳು ಒಂದೇ ಕಡೆ ಕೂರುವವಲ್ಲ. ಹೊಂಡ ಬತ್ತಿದರೆ, ಮಳೆಗೆ ಹೊಸ ನೀರು ತುಂಬಿದರೆ ರಾತ್ರಿ ಹಾರಿ ಜಾಗ ಬದಲಿಸುತ್ತವೆ. ನೀರಿನ ಮೇಲೆ ಬಿದ್ದು ಪ್ರತಿಫಲಿಸುವ ಬೆಳಕಿಗೆ ಒಂದು ವಿಶೇಷ ಗುಣ ಇದೆ. ಅದರ ಅಲೆಗಳು ಹೆಚ್ಚಾಗಿ ಅಡ್ಡಡ್ಡ ಕಂಪಿಸುತ್ತವೆ. ನಮ್ಮ ಕಣ್ಣಿಗೆ ಅದು ತಿಳಿಯದು, ಇವುಗಳ ಕಣ್ಣಿಗೆ ತಿಳಿಯುತ್ತದೆ. ಆ ಗುರುತು ಹಿಡಿದೇ ನೀರು ಹುಡುಕುತ್ತವೆ. ತೊಂದರೆ ಏನೆಂದರೆ ಹೊಳೆಯುವ ಕಾರಿನ ಮೇಲ್ಮೈ, ಕಪ್ಪು ಪ್ಲಾಸ್ಟಿಕ್ ಹಾಳೆ, ಗಾಜು, ಡಾಂಬರು ಕೂಡ ಇದೇ ಥರದ ಬೆಳಕು ಕೊಡುತ್ತವೆ. ಮಳೆಗಾಲದಲ್ಲಿ ನಿಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಕಾರಿನ ಮೇಲೆ ಕರಿ ಹುಳ ಅಂಗಾತ ಬಿದ್ದು ಒದ್ದಾಡುವುದನ್ನು ನೋಡಿದ್ದರೆ, ಅದು ನಿಮ್ಮ ಕಾರನ್ನು ಕೆರೆ ಅಂದುಕೊಂಡು ಇಳಿದಿರಬಹುದು. ಅದರ ಜೊತೆಗೆ ಬಲ್ಬಿನ ಸೆಳೆತ ಬೇರೆ.

ನಮ್ಮ ತೊಟ್ಟಿಯಲ್ಲಿ ಎರಡೂ ಸೇರಿತ್ತು. ಹತ್ತಿರದಲ್ಲಿ ಹಳ್ಳ, ತಲೆಯ ಮೇಲೆ ಬಲ್ಬು, ಅದರ ಕೆಳಗೇ ನೀರು. ಎಣ್ಣಿ ಹಾಕಿ ಇವತ್ತಿನ ಹುಳ ಕೊಂದರೂ ನಾಳೆ ರಾತ್ರಿ ಮತ್ತೆ ಬೀಳುತ್ತಿದ್ದವು. ಅಣ್ಣ ಮತ್ತೆ ಎಣ್ಣಿ ಹಾಕುತ್ತಿದ್ದ. ಎಮ್ಮೆ ಕುಡಿಯುತ್ತಿತ್ತು, ಎಮ್ಮೆಯ ಹಾಲು ನಾವು ಕುಡಿಯುತ್ತಿದ್ದೆವು. ಹೊಲದಲ್ಲಿ ಬಳಸುವ ಎಷ್ಟೋ ಕೀಟನಾಶಕಗಳು, ಅದರಲ್ಲೂ ಪೈರೆಥ್ರಾಯ್ಡ್ ಗುಂಪಿನವು, ಬಹಳ ಕಡಿಮೆ ಪ್ರಮಾಣದಲ್ಲೇ ಮೀನಿಗೆ, ನೀರಿನ ಹುಳಗಳಿಗೆ ಮಾರಕ. ಹಳ್ಳಕ್ಕೆ ಹರಿದಿದ್ದರೆ ಹುಡುಗ ಹಿಡಿಯಲು ಹೋದ ಮೀನುಮರಿಯೂ ಉಳಿಯುತ್ತಿರಲಿಲ್ಲ.

ಇದನ್ನು ನಾನು ಹೇಳಲಿಲ್ಲ. ಹುಡುಗನೇ ಭರಣಿ ಹಿಡಿದು ತಾತನಿಗೂ ಅಪ್ಪನಿಗೂ ಪಾಠ ಮಾಡಿದ. "ಅಪ್ಪಾ, ಇದು ಕಡಿದಿಲ್ಲ. ಕಡದದ್ದು ಇದರ ಕೂಸು, ಅದು ಹಳ್ಳದಾಗ ಅದ. ತೊಟ್ಟ್ಯಾಗ ಇಲ್ಲ. ನಾನೇ ಅದರ ಮ್ಯಾಲ ಕೈ ಇಟ್ಟಿದ್ದೆ." ಅಣ್ಣ ಮಗನ ಮುಖ ನೋಡಿ, ಬಲ್ಬು ನೋಡಿ, ನಕ್ಕ. ವೈನಿ ಸೀದಾ ಹೋಗಿ ಗೂಟಕ್ಕೆ ನೇತಾಡುತ್ತಿದ್ದ ಡಬ್ಬಿ ತೆಗೆದು, ಮಕ್ಕಳ ಕೈಗೆ ಸಿಗದಂತೆ ಕೋಣೆಯೊಳಗಿನ ಪೆಟ್ಟಿಗೆಗೆ ಹಾಕಿ ಕೀಲಿ ಹಾಕಿದರು. "ಇದನ್ನ ಮೊದಲೇ ಮಾಡಬೇಕಿತ್ತು" ಅಂದರು. ನನಗೂ ಹಾಗೇ ಅನ್ನಿಸಿತು. ಆ ಮನೆಯಲ್ಲಿ ನಿಜವಾದ ವಿಷ ಇದ್ದದ್ದು ಆ ಡಬ್ಬಿಯಲ್ಲಿ. ಅದರ ಬಗ್ಗೆ ಯಾರೂ ಹೆದರಿರಲಿಲ್ಲ.

ಹುಳದ ಪರ ವಕೀಲಿಕೆ ಅಲ್ಲ

ಇಷ್ಟು ಹೇಳಿ, ಈ ಹುಳಗಳೆಲ್ಲ ದೇವರಂಥವು ಅಂತ ನಾನು ಹೇಳುತ್ತಿಲ್ಲ.

ಮೀನುಮರಿ ಸಾಕುವ ಕೊಳಗಳಲ್ಲಿ ಇವು ನಿಜವಾಗಿಯೂ ತೊಂದರೆಯೇ. ಆಗ ತಾನೇ ಬಿಟ್ಟ ಸಣ್ಣ ಮರಿಗಳನ್ನು ತಿಂದು ಹಾಕುತ್ತವೆ. ಅದಕ್ಕೇ ಮೀನು ಕೃಷಿಯಲ್ಲಿ ಮರಿ ಬಿಡುವ ಮೊದಲು ಸೋಪು ಮತ್ತು ಅಡುಗೆ ಎಣ್ಣೆ ಕಲಸಿ ನೀರಿನ ಮೇಲೆ ತೆಳು ಪದರ ಹಾಕುವ ಪದ್ಧತಿ ಇದೆ. ಆ ಪದರ ಇರುವವರೆಗೆ ಹುಳ ಮೇಲೆ ಬಂದರೂ ಗಾಳಿ ಸಿಗುವುದಿಲ್ಲ, ಸಾಯುತ್ತದೆ. ಬಾಲ ಮೇಲೆ ಮಾಡಿ ಬರುವ ಈಸುಹುಳವೂ, ತಲೆ ಮೇಲೆ ಮಾಡಿ ಬರುವ ನಡಿಗೆಹುಳವೂ ಅಲ್ಲಿ ಸೋಲುತ್ತವೆ. ಹೇಗೆ ಉಸಿರಾಡುತ್ತವೆ ಅಂತ ಗೊತ್ತಿದ್ದವರು ಕಂಡುಕೊಂಡ ಉಪಾಯ ಅದು.

ಸೊಳ್ಳೆ ಮರಿ ತಿನ್ನುತ್ತವೆ ಅಂತ ಇವನ್ನು ತಂದು ಮನೆಯ ಡ್ರಮ್ಮಿಗೆ ಬಿಡುವುದೂ ಬೇಡ. ಹಾರಿ ಹೋಗುತ್ತವೆ. ಡೆಂಗಿ ಸೊಳ್ಳೆಗೆ ಮದ್ದು ಡ್ರಮ್ಮಿನ ಮುಚ್ಚಳ, ವಾರಕ್ಕೊಮ್ಮೆ ತಿಕ್ಕಿ ತೊಳೆಯುವುದು. ಹಳ್ಳದಲ್ಲಿ, ಹೊಂಡದಲ್ಲಿ ಮಾತ್ರ ಇವು ತಮ್ಮ ಪಾಲಿನ ಕೆಲಸ ಮಾಡುತ್ತವೆ.

ಇನ್ನೊಂದು ಮಾತು. ನೀರಿನಲ್ಲಿ ಹುಳ ಇದೆ ಅಂದರೆ ನೀರು ಕೆಟ್ಟಿದೆ ಅಂತಲ್ಲ. ಹಾಗಂತ ಕುಡಿಯಲು ಚೆನ್ನಾಗಿದೆ ಅಂತಲೂ ಅಲ್ಲ. ಇವು ರಾಡಿ ನೀರಿನಲ್ಲೂ ಬದುಕುತ್ತವೆ. ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಬೇಕು, ಕುದಿಸಿ ಕುಡಿಯಬೇಕು. ನಮ್ಮ ಬಾವಿಯ ನೀರನ್ನೂ ಈಗ ಹಾಗೇ ಮಾಡುತ್ತಿದ್ದೇವೆ.

ನೀರು ಕಂಡ ಜಿಲ್ಲೆ

ಬೀದರ್ ಅಂದರೆ ಬರ ಅನ್ನುವವರೇ ಹೆಚ್ಚು. ಆದರೆ ಇಲ್ಲಿಯವರು ನೀರಿನ ಲೆಕ್ಕ ಇಟ್ಟವರು. ಬಹಮನಿ ಸುಲ್ತಾನರ ಕಾಲದಲ್ಲಿ, 15ನೇ ಶತಮಾನದಲ್ಲಿ, ನೌಬಾದಿನ ಕೆಂಪು ಜಂಬಿಟ್ಟಿಗೆಯ ಕೆಳಗೆ ಸುರಂಗ ಕೊರೆದು ನೀರು ಹರಿಸಿದರು. ಅದೇ ಕರೇಜ್, ಸುರಂಗ ಬಾವಿ. ಬಾಲಾಘಾಟ್ ಬೆಟ್ಟದಲ್ಲಿ ಹುಟ್ಟಿದ ಮಾಂಜ್ರಾ ನಮ್ಮ ಜಿಲ್ಲೆ ದಾಟಿ ತೆಲಂಗಾಣಕ್ಕೆ ಹೋಗಿ ಗೋದಾವರಿ ಸೇರುತ್ತದೆ. ಅದರ ಉಪನದಿ ಕಾರಂಜಾಕ್ಕೆ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಹತ್ತಿರ ಅಣೆಕಟ್ಟು ಇದೆ. ಇವೆಲ್ಲ ಪುಸ್ತಕದಲ್ಲಿ ಸಿಗುತ್ತವೆ. ಊರ ಹಿಂದಿನ, ಹೆಸರಿಲ್ಲದ ಹಳ್ಳ ಯಾವ ಪುಸ್ತಕದಲ್ಲೂ ಇಲ್ಲ. ನಾನು ಇಪ್ಪತ್ತೆಂಟು ವರ್ಷ ಅದರ ಪಕ್ಕ ಓಡಾಡಿದ್ದೇನೆ. ಅದರಲ್ಲಿ ಎರಡು ಥರದ ಕರಿ ಹುಳ ಇವೆ ಅಂತ ನನಗೆ ತೋರಿಸಿಕೊಟ್ಟವನು ಒಂಬತ್ತು ವರ್ಷದ ಹುಡುಗ.

ಈ ಸಲ ಊರಿಗೆ ಹೋದಾಗ ನೀವೂ ನೋಡಿ. ಖರ್ಚಿಲ್ಲ. ಚಹಾದ ಜಾಲರಿ, ಗಾಜಿನ ಭರಣಿ, ಬಟ್ಟೆಯ ತುಂಡು ಸಾಕು. ಜೊತೆಗೆ ಒಂದು ಮಗು ಇದ್ದರೆ ಒಳ್ಳೆಯದು, ಅವುಗಳ ಕಣ್ಣು ಚುರುಕು. ಆಳದ ನೀರಿಗೆ ಇಳಿಯಬೇಡಿ, ಕೆಸರಿಗೆ ಬರಿಗೈ ಹಾಕಬೇಡಿ. ಮೊದಲು ಕಾಲು ನೋಡಿ, ಜೋಡಿಯೋ ಒಂಟಿಯೋ. ಆಮೇಲೆ ಮೇಲೆ ಬರುವುದನ್ನು ನೋಡಿ, ತಲೆಯೋ ಬಾಲವೋ. ಭರಣಿಯನ್ನು ಮೇಲೆತ್ತಿ ಕೆಳಗಿನಿಂದ ಬೆಳ್ಳಿ ಹೊಟ್ಟೆ ನೋಡಿ. ಸಂಜೆಯೊಳಗೆ ಎಲ್ಲಿಂದ ತಂದಿರೋ ಅಲ್ಲೇ ಬಿಟ್ಟುಬಿಡಿ.

ಸೋಮವಾರ ನಸುಕಿಗೆ ನಾನು ಹೈದರಾಬಾದ್ ಬಸ್ ಹತ್ತಿದೆ. ಅದಕ್ಕೂ ಮೊದಲು ಅಣ್ಣ ಬಲ್ಬಿಗೆ ಪಂಪ್‌ಸೆಟ್ ಕೋಣೆಯ ಒಳಗೇ ಒಂದು ಸ್ವಿಚ್ ಹಾಕಿದ, ಬೇಕಾದಾಗ ಹಚ್ಚಲಿಕ್ಕೆ. ತೊಟ್ಟಿಗೆ ರಾತ್ರಿ ಹೊತ್ತು ತಗಡು ಮುಚ್ಚತೊಡಗಿದ. ವಾರದ ಮೇಲೆ ಮತ್ತೆ ವಿಡಿಯೋ ಬಂತು. ತೊಟ್ಟಿಯ ನೀರು ಬಹುತೇಕ ಖಾಲಿ. ಮೂಲೆಯಲ್ಲಿ ಒಂದೇ ಒಂದು ಹುಳ ಬಾಲ ಮೇಲೆ ಮಾಡಿ ನಿಂತಿತ್ತು.

ಕೆಳಗೆ ಅಣ್ಣ ಬರೆದಿದ್ದ: "ಇದು ಈಸುಹುಳ. ಹೌದಲ್ಲ?"

ಹೌದು ಅಂತ ಉತ್ತರ ಹಾಕಿದೆ.

ನಿಮ್ಮೂರಿನ ಹಳ್ಳ, ಕೆರೆಯಲ್ಲಿ ಈ ಹುಳಗಳಿಗೆ ಏನಂತ ಕರೆಯುತ್ತಾರೆ? ಓದುಗರ ಅಂಕಣಕ್ಕೆ ಬರೆದು ತಿಳಿಸಿ. ನನ್ನ ಅಳಿಯ ಹೆಸರುಗಳ ಪಟ್ಟಿ ಮಾಡಲು ಕೂತಿದ್ದಾನೆ.